ಥಾರ್‌ಗೆ ಕಬ್ಬಿಣದ ಬಂಪರ್: ಮೊದಲು ಗಾಡಿ ಕೆಳಗೆ ಮಲಗಿ ನೋಡಿ

ಪ್ರಶ್ನೆ: ನಮ್ಮದು ಹೊಳಲ್ಕೆರೆ ಹತ್ತಿರದ ಹಳ್ಳಿ. 2021ರ ಡೀಸೆಲ್ ಮಹೀಂದ್ರ ಥಾರ್ ಜೀಪ್ ಇದೆ, ಹಾರ್ಡ್ ಟಾಪ್, ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಇಂಜಿನ್ ಶಕ್ತಿ ಹೋಗುವಂಥದ್ದು). ತೋಟಕ್ಕೆ ಓಡಾಡುತ್ತೇನೆ, ರಜೆಯಲ್ಲಿ ಗೆಳೆಯರ ಜೊತೆ ಹಳ್ಳ, ಗುಡ್ಡ ಅಂತ ಸುತ್ತುತ್ತೇನೆ. ಮುಂದಿನ ಜೂನ್‌ನಲ್ಲಿ ಮನೆಯವರನ್ನು ಕರೆದುಕೊಂಡು ಲಡಾಖ್‌ಗೆ ಹೋಗುವ ಆಸೆ ಇದೆ. ಅಷ್ಟರೊಳಗೆ ಮುಂದಿನ ಬಂಪರ್ ಬದಲಿಸಬೇಕು. ದಾವಣಗೆರೆಯಲ್ಲಿ ಲಾರಿ ಬಾಡಿ ಕೆಲಸ ಮಾಡುವವರೊಬ್ಬರು 5 ಎಂಎಂ ಪ್ಲೇಟಿನಲ್ಲಿ ಪೂರ್ತಿ ಅಗಲದ ಬಂಪರ್, ಮೇಲೊಂದು ಪೈಪಿನ ಗಾರ್ಡ್, ಪೇಂಟ್ ಸೇರಿ 22 ಸಾವಿರ ಅಂದಿದ್ದಾರೆ. ಆನ್‌ಲೈನ್‌ನಲ್ಲಿ ಬರೀ ಪೈಪಿನದು 15 ಸಾವಿರಕ್ಕೆ ಸಿಗುತ್ತದೆ. ಬೆಂಗಳೂರಿನಲ್ಲಿ ವಿಂಚ್ (ಹಗ್ಗ ಸುತ್ತಿಕೊಂಡು ಹೂತ ಗಾಡಿಯನ್ನು ಎಳೆಯುವ ಮೋಟಾರು) ಕೂರಿಸಲು ಜಾಗ ಇರುವ ಗಿಡ್ಡ ಬಂಪರ್ 45 ಸಾವಿರ, ವಿಂಚ್ ಖರ್ಚು ಬೇರೆ. ಮೂರರ ಫೋಟೋ ಕಳಿಸಿದ್ದೇನೆ. ಯಾವುದು ಹಾಕಿಸಲಿ?

ಉತ್ತರ: ಫೋಟೋ ನೋಡಿದೆ. ಮೂರರಲ್ಲೂ ಬಂಪರಿನ ಮುಖ ಮಾತ್ರ ಇದೆ, ಬೆನ್ನು ಒಂದರಲ್ಲೂ ಇಲ್ಲ. ನಾನು ಕೊಳ್ಳುವುದಾದರೆ ಮೊದಲು ಕೇಳುವುದು ಬೆನ್ನಿನ ಫೋಟೋ. ಅದು ಚಾಸಿಗೆ, ಅಂದರೆ ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟಿಗೆ, ಎಲ್ಲಿ ಕೂರುತ್ತದೆ? ಎಷ್ಟು ಬೋಲ್ಟು, ಎಂಥ ಬೋಲ್ಟು? ಹಗ್ಗ ಕಟ್ಟಿ ಎಳೆದರೆ ಭಾರ ಎಲ್ಲಿಗೆ ಹೋಗುತ್ತದೆ? ಬಂಪರಿನ ಯೋಗ್ಯತೆ ಇರುವುದು ಅಲ್ಲಿ.

ಅದಕ್ಕೂ ಮುಂಚೆ ಕಾನೂನಿನ ಮಾತು ಹೇಳಿಬಿಡುತ್ತೇನೆ. ಇದನ್ನು ಬಚ್ಚಿಟ್ಟು ಬಂಪರ್ ಬಗ್ಗೆ ಮಾತಾಡಿದರೆ ನಿಮಗೆ ಮೋಸ ಮಾಡಿದ ಹಾಗೆ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಎಲ್ಲಾ ರಾಜ್ಯಗಳಿಗೂ ಪತ್ರ ಬರೆದು, ಕ್ರ್ಯಾಶ್ ಗಾರ್ಡ್ ಮತ್ತು ಬುಲ್ ಬಾರ್, ಅಂದರೆ ಮುಂದೆ ಬಿಗಿಯುವ ಕಬ್ಬಿಣದ ಗಾರ್ಡ್, ಹಾಕಿದ ಗಾಡಿಗಳ ಮೇಲೆ ಕ್ರಮ ತೆಗೆದುಕೊಳ್ಳಿ ಅಂತ ಹೇಳಿತು. ಆಧಾರ, ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಕಂಪನಿ ಹೇಗೆ ಮಾಡಿಕೊಟ್ಟಿದೆಯೋ, ಆರ್‌ಸಿಯಲ್ಲಿ ಏನಿದೆಯೋ, ಅದಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ ಅನ್ನುತ್ತದೆ ಅದು. 2019ರ ತಿದ್ದುಪಡಿಯಲ್ಲಿ 182ಎ ಸೇರಿತು. ಅದರ ಪ್ರಕಾರ ಅನುಮತಿ ಇಲ್ಲದೆ ಗಾಡಿ ಬದಲಿಸಿದ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ‘ನಮ್ಮೂರಲ್ಲಿ ಯಾರೂ ಹಿಡಿಯಲ್ಲ ಬಿಡಿ ಸಾರ್’ ಅನ್ನುತ್ತೀರಿ, ಗೊತ್ತು. ಕೆಎ 16 ನಂಬರ್ ಪ್ಲೇಟ್ ಹಾಕಿಕೊಂಡು ನಾಲ್ಕೈದು ರಾಜ್ಯ ದಾಟುವಾಗ ಎಲ್ಲರೂ ನಮ್ಮೂರಿನವರೇ ಆಗಿರುವುದಿಲ್ಲ. ಅಪಘಾತ ಆದರೆ ವಿಮೆಯವರಿಗೆ ತಕರಾರು ತೆಗೆಯಲು ಒಂದು ಕಾರಣ ನೀವೇ ಕೈಗೆ ಕೊಟ್ಟಂತಾಗುತ್ತದೆ.

ಇದು ಬರೀ ಸರ್ಕಾರದ ಕಿರಿಕಿರಿ ಅಂದುಕೊಳ್ಳಬೇಡಿ. ಹಿಂದೆ ಗಟ್ಟಿ ಕಾರಣ ಇದೆ.

ನಮ್ಮ ಕಡೆ ಜೀಪಿಗೆ ಗಾರ್ಡ್ ಇಲ್ಲ ಅಂದರೆ ಮೀಸೆ ಬೋಳಿಸಿದ ಹಾಗೆ. ಈ ಅಭ್ಯಾಸ ಬಂದದ್ದು ಹಳೇ ಜೀಪುಗಳಿಂದ. ಮಹೀಂದ್ರ ಎಂಎಂ 540 ಜೀಪಿನ ಕಾಲದಲ್ಲಿ ಕಂಪನಿಯಿಂದಲೇ ಕಬ್ಬಿಣದ ಚಾನೆಲ್ ಬಂಪರ್ ಆಗಿ ಬರುತ್ತಿತ್ತು. ಆ ಗಾಡಿಗೆ ಏರ್‌ಬ್ಯಾಗ್ ಇರಲಿಲ್ಲ, ಸೆನ್ಸರ್ ಇರಲಿಲ್ಲ. ಇನ್ನೊಂದು ಕಬ್ಬಿಣ ಸೇರಿಸಿದರೆ ಕೆಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ನಿಮ್ಮ ಥಾರ್ ಕಥೆ ಬೇರೆ. ಗುದ್ದಿದಾಗ ಮುಂಭಾಗ ಇಷ್ಟಿಷ್ಟೇ ಮಡಚಿಕೊಳ್ಳಬೇಕು, ಆ ಮಡಚುವಿಕೆಯಲ್ಲಿ ವೇಗ ಇಷ್ಟಿಷ್ಟು ಕುಗ್ಗಬೇಕು ಅಂತ ಲೆಕ್ಕ ಹಾಕಿ ಮಾಡಿರುತ್ತಾರೆ. ವೇಗ ಹೇಗೆ ಕುಗ್ಗುತ್ತಿದೆ ಅನ್ನುವುದನ್ನು ನೋಡಿಯೇ ಕಂಪ್ಯೂಟರ್ ಏರ್‌ಬ್ಯಾಗ್ ಬಿಡಬೇಕೋ ಬೇಡವೋ ಅಂತ ತೀರ್ಮಾನ ಮಾಡುವುದು. ಅದಕ್ಕೆ ಸಿಗುವ ಸಮಯ ಕೆಲವೇ ಮಿಲಿಸೆಕೆಂಡು. ಮಧ್ಯದಲ್ಲಿ ನೀವು 5 ಎಂಎಂ ಪ್ಲೇಟು ತಂದು ಚಾಸಿಗೆ ಬಿಗಿದರೆ ಆ ಲೆಕ್ಕ ತಪ್ಪುತ್ತದೆ. ಬ್ಯಾಗ್ ತಡವಾಗಿ ಬಿಚ್ಚಬಹುದು. ಅಥವಾ ಗೇಟಿನ ಕಂಬಕ್ಕೆ ತಾಗಿದ್ದಕ್ಕೇ ಬಿಚ್ಚಿ, ಸುಮ್ನೆ ದೊಡ್ಡ ಖರ್ಚು ಬರಬಹುದು. 2020ರ ನವೆಂಬರ್‌ನಲ್ಲಿ ಗಾಡಿಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಥಾರ್‌ಗೆ 4 ಸ್ಟಾರ್ ಕೊಟ್ಟಿತಲ್ಲ, ಗಂಟೆಗೆ 64 ಕಿಮೀ ವೇಗದಲ್ಲಿ ಗುದ್ದಿಸಿ ನೋಡಿ ಕೊಟ್ಟದ್ದು. ಆ ಸ್ಟಾರ್ ಬಂದದ್ದು ಕಂಪನಿ ಬಂಪರ್ ಇದ್ದ ಗಾಡಿಗೆ.

ಇನ್ನು ಎದುರಿಗೆ ಇರುವವರ ಪಾಡು. ಹೊಳಲ್ಕೆರೆ ರಸ್ತೆಯಲ್ಲಿ ಸಂಜೆ ಹೊತ್ತು ಕುರಿ ಹಿಂಡು, ಅದರ ಹಿಂದೆ ಕಂಬಳಿ ಹೊದ್ದ ಕುರಿಗಾಹಿ, ಸೈಕಲ್ಲಿನಲ್ಲಿ ಶಾಲೆ ಮಕ್ಕಳು, ಇವರೆಲ್ಲ ಇದ್ದೇ ಇರುತ್ತಾರೆ. ಪ್ಲಾಸ್ಟಿಕ್ ಬಂಪರ್ ತಗುಲಿದರೆ ಅದು ಸ್ವಲ್ಪವಾದರೂ ಬಗ್ಗುತ್ತದೆ. ನಿಮ್ಮ ಪೈಪಿನ ಗಾರ್ಡ್ ಇರುವ ಎತ್ತರಕ್ಕೆ ಮಕ್ಕಳ ಎದೆ, ದೊಡ್ಡವರ ಸೊಂಟ ಬರುತ್ತದೆ.

‘ಕಾಡುಹಂದಿ ಅಡ್ಡ ಬಂದರೆ?’ ಇದನ್ನು ಎಲ್ಲರೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬುಲ್ ಬಾರ್ ಬೆಳೆದದ್ದೇ ಆಸ್ಟ್ರೇಲಿಯಾದಲ್ಲಿ, ಕಾಂಗರೂ ಕಾಟಕ್ಕೆ. ಆದರೆ ಅಲ್ಲಿ ಒಳ್ಳೆಯ ಕಂಪನಿಗಳು ಒಂದೊಂದು ಮಾಡೆಲ್ ಗಾಡಿಗೂ ಬೇರೆಬೇರೆ ಬಾರ್ ಮಾಡುತ್ತವೆ. ಏರ್‌ಬ್ಯಾಗ್ ಜೊತೆ ಹೊಂದುತ್ತದಾ ಅಂತ ಪರೀಕ್ಷೆ ಮಾಡುತ್ತವೆ. ಗುದ್ದಿದಾಗ ಮಡಚಿಕೊಳ್ಳುವ ಬ್ರಾಕೆಟ್ ಇಟ್ಟಿರುತ್ತವೆ. ಇದಕ್ಕೆ ಅಲ್ಲಿ 2002ರಿಂದ ಮಾನದಂಡವೇ ಇದೆ. ಯುರೋಪಿನಲ್ಲಿ 2005ರಲ್ಲಿ ಪಾದಚಾರಿಗಳನ್ನು ಲೆಕ್ಕಕ್ಕಿಟ್ಟುಕೊಂಡು ನಿಯಮ ಬಂತು. ಅವರ ಬಾರ್ ನೋಡಿ, ಅದೇ ಆಕಾರದಲ್ಲಿ ಪ್ಲೇಟು ಕತ್ತರಿಸಿ ವೆಲ್ಡ್ ಮಾಡಿದರೆ ಆಕಾರ ಬರುತ್ತದೆ, ಪರೀಕ್ಷೆ ಬರುವುದಿಲ್ಲ. ಅಂಗಡಿಯವರು ‘ಏರ್‌ಬ್ಯಾಗ್‌ಗೆ ಏನೂ ತೊಂದರೆ ಇಲ್ಲ’ ಅಂದರೆ, ‘ಯಾವ ಮಾಡೆಲ್ ಮೇಲೆ, ಯಾರು ಪರೀಕ್ಷೆ ಮಾಡಿದ್ದು, ಕಾಗದ ಇದೆಯಾ’ ಅಂತ ಕೇಳಿ. ಕಾಗದ ತೋರಿಸಿದವರನ್ನು ನಾನು ಇನ್ನೂ ನೋಡಿಲ್ಲ.

ಈಗ ನಿಮ್ಮ ಮೂರು ಬಂಪರ್‌ಗೆ ಬರೋಣ. ಕೇಳಿದ್ದಕ್ಕೆ ಉತ್ತರ ಕೊಡದೆ ಬರೀ ಉಪದೇಶ ಮಾಡಿದ ಅಂತ ಆಗಬಾರದು.

15 ಸಾವಿರದ ಪೈಪಿನದು ಬೇಡವೇ ಬೇಡ. ಫೋಟೋದಲ್ಲಿ ಕಾಣುವ ಮಟ್ಟಿಗೆ ಅದು ತೆಳು ಪೈಪು, ಮೇಲೆ ಕಪ್ಪು ಬಣ್ಣ, ಹಗ್ಗ ಸಿಕ್ಕಿಸುವ ಉಂಗುರದಂಥ ಎರಡು ಕಣ್ಣು ಬೆಸೆದಿದ್ದಾರೆ. ಅದು ಅಲಂಕಾರ. ಅಲಂಕಾರ ಅಂತ ಗೊತ್ತಿದ್ದವರು ಅದನ್ನು ಹಿಡಿದು ಗಾಡಿ ಎಳೆಯುವುದಿಲ್ಲ. ಆದರೆ ಕಣ್ಣು ಕಂಡ ತಕ್ಷಣ ಯಾರಾದರೂ ಹಗ್ಗ ಸಿಕ್ಕಿಸುತ್ತಾರೆ.

ನಾನೂ ಅದೇ ತಪ್ಪು ಮಾಡಿದವನು. 2011ರ ಸುಮಾರಿಗೆ ನನ್ನ ಹಳೇ ಗಾಡಿಗೆ ನಾನೇ ನಿಂತು ಒಂದು ಬಂಪರ್ ಮಾಡಿಸಿದ್ದೆ. ದಪ್ಪ ಪ್ಲೇಟು, ಅದರ ಮುಖಕ್ಕೆ ಎರಡು ಕಣ್ಣು ಬೆಸೆದದ್ದು. ನೋಡಲು ಆನೆ ಇದ್ದ ಹಾಗಿತ್ತು. ಮಳೆಗಾಲದಲ್ಲಿ ಜಗಳೂರು ಕಡೆ ಒಂದು ಎರೆಹೊಲದಲ್ಲಿ ಗಾಡಿ ಹೂತಿತು. ಒದ್ದೆಯಾದ ಎರೆಮಣ್ಣು ಗೊತ್ತಲ್ಲ, ಚಕ್ರಕ್ಕೆ ಮೆತ್ತಿಕೊಂಡರೆ ಟೈರಿನ ಹಲ್ಲೇ ಕಾಣುವುದಿಲ್ಲ, ಗಾಡಿಯನ್ನು ಹೀರಿಕೊಂಡು ಹಿಡಿದುಬಿಡುತ್ತದೆ. ಊರಿನಿಂದ ಟ್ರ್ಯಾಕ್ಟರ್ ಕರೆಸಿದೆವು. ಸರಪಣಿ ನನ್ನ ಬಂಪರಿನ ಕಣ್ಣಿಗೆ ಹಾಕಿದೆವು. ಎರಡನೇ ಜಗ್ಗಿಗೆ ಕಣ್ಣು ಕಿತ್ತು ಬಂತು, ಅಂಗೈಯಷ್ಟು ಪ್ಲೇಟಿನ ಸಮೇತ. ಸರಪಣಿ ಹಾರಿ ಟ್ರ್ಯಾಕ್ಟರಿನ ಮಡ್‌ಗಾರ್ಡಿಗೆ ಬಡಿದು ತಗ್ಗು ಬಿತ್ತು. ಡ್ರೈವರ್ ಇಂಜಿನ್ ಬಂದ್ ಮಾಡಿ ಇಳಿದ. ಆ ತಗ್ಗನ್ನು ಕೈಯಿಂದ ಸವರಿ ನೋಡಿದ. ‘ಇನ್ನೊಂದು ಗೇಣು ಈ ಕಡೆ ಬಂದಿದ್ರೆ ನಮ್ಮನೇಲಿ ಏನಂತ ಹೇಳ್ತಿದ್ರಿ ಅಣ್ಣ?’ ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾರನೇ ದಿನ ಬಂಪರ್ ಬಿಚ್ಚಿಸಿದೆ.

ಅವತ್ತು ಕಲಿತದ್ದನ್ನು ಲೆಕ್ಕದಲ್ಲಿ ಹೇಳುತ್ತೇನೆ. ಬೋಲ್ಟಿನ ತಲೆ ಮೇಲೆ 8.8 ಅಂತ ಬರೆದಿದ್ದರೆ ಅದು ಗಟ್ಟಿ ಉಕ್ಕು. ಅಂಥ 8 ಎಂಎಂ ಬೋಲ್ಟು ಅಡ್ಡಕ್ಕೆ ಕತ್ತರಿಸಿ ಹೋಗಲು ಸುಮಾರು 1.8 ಟನ್ ಸಾಕು. 12 ಎಂಎಂ ಆದರೆ ಸುಮಾರು 4 ಟನ್ ಬೇಕು. ತಲೆ ಮೇಲೆ ಏನೂ ಬರೆಯದ ಮಾಮೂಲಿ ಬೋಲ್ಟಿನ ಶಕ್ತಿ ಅರ್ಧ ಅಂದುಕೊಳ್ಳಿ. ನಿಮ್ಮ ಥಾರ್ ಖಾಲಿ ಇದ್ದಾಗಲೇ ಸುಮಾರು 1,750 ಕೆಜಿ. ಕೆಸರಿನ ಹಿಡಿತ ಸೇರಿ, ಅದರ ಮೇಲೆ ಜಗ್ಗು ಬಿದ್ದರೆ, ಒಂದೇ ಮೂಲೆಯ ಎರಡು ಬೋಲ್ಟಿನ ಮೇಲೆ ಎಷ್ಟು ಭಾರ ಬರುತ್ತದೆ ಅಂತ ನೀವೇ ಲೆಕ್ಕ ಹಾಕಿ. ಅದಕ್ಕೇ ಎಳೆಯುವ ಕೊಂಡಿ ಬಂಪರಿನ ಮುಖಕ್ಕೆ ಬೆಸೆದಿರಬಾರದು. ಪ್ಲೇಟನ್ನು ತೂರಿಕೊಂಡು ಹಿಂದೆ ಹೋಗಿ ಚಾಸಿಗೆ ಬೋಲ್ಟ್ ಆಗಿರಬೇಕು. ಬಂಪರನ್ನು ಬಿಚ್ಚಿ ಪಕ್ಕಕ್ಕಿಟ್ಟರೂ ಕೊಂಡಿ ಗಾಡಿಯಲ್ಲೇ ಉಳಿಯಬೇಕು. ಹಾಗಿದ್ದರೆ ಅದು ಸರಿ.

22 ಸಾವಿರದ ಲಾರಿ ಬಾಡಿಯವರ ಬಂಪರ್‌ನಲ್ಲಿ ಕೆಲಸ ಚೆನ್ನಾಗಿರಬಹುದು. ದಾವಣಗೆರೆಯ ವೆಲ್ಡರ್‌ಗಳ ಕೈ ಬಗ್ಗೆ ನನಗೆ ಅನುಮಾನ ಇಲ್ಲ. ತೊಂದರೆ ತೂಕದ್ದು. 5 ಎಂಎಂ ಪ್ಲೇಟು ಒಂದು ಚದರ ಮೀಟರಿಗೆ 39 ಕೆಜಿ ತೂಗುತ್ತದೆ. 3 ಎಂಎಂ ಆದರೆ ಸುಮಾರು 24. ಪೂರ್ತಿ ಅಗಲದ ಬಂಪರಿಗೆ ಹತ್ತಿರ ಹತ್ತಿರ ಒಂದು ಚದರ ಮೀಟರ್ ಬೇಕು. ಅದರ ಮೇಲೆ ಪೈಪು, ಬ್ರಾಕೆಟ್ಟು. 60 ಕೆಜಿ ಆಗಿಯೇ ಆಗುತ್ತದೆ. ಮುಂದೆ ಒಂದು ದಿನ ವಿಂಚ್ ಕೂರಿಸಿದರೆ ಇನ್ನೊಂದು 35–40 ಕೆಜಿ. ಒಟ್ಟು 100.

ಈ 100 ಕೆಜಿ ಸೀಟಿನ ಮೇಲೆ ಕೂತ ಮನುಷ್ಯನ ಹಾಗಲ್ಲ. ಏತದ ತುದಿಯಲ್ಲಿ ನಿಂತವನ ಹಾಗೆ. ಥಾರ್‌ನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2,450 ಎಂಎಂ. ಮುಂದಿನ ಆಕ್ಸಲಿನಿಂದ 80 ಸೆಂಟಿಮೀಟರ್ ಆಚೆ 100 ಕೆಜಿ ನೇತಾಡಿದರೆ ಮುಂದಿನ ಚಕ್ರಗಳ ಮೇಲೆ 133 ಕೆಜಿ ಬೀಳುತ್ತದೆ, ಹಿಂದಿನ ಚಕ್ರಗಳಿಂದ 33 ಕೆಜಿ ಎದ್ದುಹೋಗುತ್ತದೆ. ಮುಂದೆ ಸ್ಪ್ರಿಂಗ್ ಕುಗ್ಗುತ್ತದೆ, ಬ್ರೇಕ್ ಹಾಕಿದಾಗ ಮೂಗು ಮುಗ್ಗರಿಸುತ್ತದೆ, ಅಲೈನ್‌ಮೆಂಟ್ ಕೆಡುತ್ತದೆ, ಹೆಡ್‌ಲೈಟ್ ಬೆಳಕು ಕೂಡ ಕೆಳಗಿಳಿಯುತ್ತದೆ. ಆಮೇಲೆ ‘ಮುಂದಿನ ಸ್ಪ್ರಿಂಗ್ ಗಟ್ಟಿದು ಹಾಕಿಸಿ’ ಅನ್ನುತ್ತಾರೆ. 22 ಸಾವಿರ ಅಂತ ಶುರುವಾದದ್ದು ಎಲ್ಲಿಗೋ ಹೋಗಿ ನಿಲ್ಲುತ್ತದೆ.

ಮುಂದಿನ ಏಟು ಕೋನಕ್ಕೆ. ಗಾಡಿ ದಿಬ್ಬಕ್ಕೆ ಮೂತಿ ತಾಗಿಸದೆ ಎಷ್ಟು ಕಡಿದಾಗಿ ಏರಬಹುದು ಅನ್ನುವುದು ಆ ಕೋನ. ಥಾರ್ ಫೋರ್ ಬೈ ಫೋರ್‌ಗೆ ಕಂಪನಿ ಹೇಳುವುದು 41.8 ಡಿಗ್ರಿ. ನೀವು ದುಡ್ಡು ಕೊಟ್ಟದ್ದರಲ್ಲಿ ಇದೂ ಒಂದು. ಉದಾಹರಣೆಗೆ, ಟೈರ್ ನೆಲಕ್ಕೆ ತಾಗಿದ ಜಾಗದಿಂದ 65 ಸೆಂಟಿಮೀಟರ್ ಮುಂದೆ, 58 ಸೆಂಟಿಮೀಟರ್ ಎತ್ತರದಲ್ಲಿ ಬಂಪರಿನ ಕೆಳ ಅಂಚು ಇದೆ ಅನ್ನಿ. ಅದೇ ಅಂಚು ಇನ್ನೊಂದು 10 ಸೆಂಟಿಮೀಟರ್ ಮುಂದೆ ಬಂದರೆ ಕೋನ 4 ಡಿಗ್ರಿ ಹೋಯಿತು. ಕೆಳಗೂ ಇಳಿದರೆ ಇನ್ನೂ ಜಾಸ್ತಿ. ಭದ್ರಾ ನಾಲೆ ಏರಿ ಹತ್ತುವಾಗ, ಹಳ್ಳಕ್ಕೆ ಇಳಿದು ಆಚೆ ದಡ ಏರುವಾಗ, ಎತ್ತರದ ಬದು ದಾಟುವಾಗ ಇದು ಗೊತ್ತಾಗುತ್ತದೆ. ಅಳೆಯಲು ದೊಡ್ಡ ಯಂತ್ರ ಬೇಡ. ಟೈರ್ ನೆಲಕ್ಕೆ ತಾಗುವಲ್ಲಿ ದಾರ ಒತ್ತಿ ಹಿಡಿದು, ಬಂಪರಿನ ತಗ್ಗಿನ ತುದಿಗೆ ಬಿಗಿಯಾಗಿ ಎಳೆಯಿರಿ. ದಾರದ ಪಕ್ಕದಲ್ಲಿ ಮೊಬೈಲ್ ಇಟ್ಟರೆ ಡಿಗ್ರಿ ತೋರಿಸುವ ಆ್ಯಪ್ ಇದ್ದೇ ಇದೆ. ಬಂಪರ್ ಹಾಕುವ ಮುಂಚೆ ಒಮ್ಮೆ, ಹಾಕಿದ ಮೇಲೆ ಒಮ್ಮೆ ನೋಡಿ. ಎಷ್ಟು ಕಳೆದುಕೊಂಡಿರಿ ಅಂತ ಗೊತ್ತಾಗುತ್ತದೆ.

(ಗುಡ್ಡ ಸುತ್ತುತ್ತೇವೆ ಅಂದಿರಿ. ಜೋಗಿಮಟ್ಟಿ, ರಂಗಯ್ಯನದುರ್ಗ ಎರಡೂ ವನ್ಯಜೀವಿ ಧಾಮ. ಅಲ್ಲಿ ದಾರಿ ಬಿಟ್ಟು ಗಾಡಿ ನುಗ್ಗಿಸುವುದು ಬೇಡ. ಅದಕ್ಕೆ ಬಂಪರ್ ಯಾವುದಾದರೂ ಒಂದೇ.)

ಬೆಂಗಳೂರಿನ ಗಿಡ್ಡ ಬಂಪರ್ ಮೂರರಲ್ಲಿ ಒಳ್ಳೆಯದು. ಮಧ್ಯದಲ್ಲಿ ಮಾತ್ರ ಕಬ್ಬಿಣ, ಚಕ್ರದ ಮುಂದೆ ಖಾಲಿ. ತೂಕ ಕಡಿಮೆ, ಕೋನ ಉಳಿಯುತ್ತದೆ. ಆದರೂ ಮೇಲೆ ಹೇಳಿದ ಕಾನೂನು, ಏರ್‌ಬ್ಯಾಗ್ ಮಾತು ಇದಕ್ಕೂ ಅಷ್ಟೇ. ಸ್ಪರ್ಧೆಗೆ ಅಂತಲೇ ಇಟ್ಟ ಗಾಡಿ, ಬೇರೆ ಗಾಡಿ ಮೇಲೆ ಹೇರಿಕೊಂಡು ಹೋಗಿ ಖಾಸಗಿ ಜಾಗದಲ್ಲಿ ಇಳಿಸುತ್ತೀರಿ ಅಂದರೆ ಇದನ್ನೇ ಹಾಕಿಸಿ ಅನ್ನುತ್ತಿದ್ದೆ. ಆಗಲೂ ನಾಲ್ಕು ವಿಷಯ ನೋಡುತ್ತಿದ್ದೆ. ಕಂಪನಿ ಮಾಡಿದ ಬೋಲ್ಟ್ ತೂತುಗಳಿಗೇ ಕೂರಬೇಕು. ಚಾಸಿಗೆ ಹೊಸ ತೂತು, ಹೊಸ ವೆಲ್ಡಿಂಗ್ ಎರಡೂ ಬೇಡ. ಗ್ರಿಲ್ ಮುಂದೆ ಅಡ್ಡ ಇರಬಾರದು. ಏಪ್ರಿಲ್‌ನಲ್ಲಿ ಹಿರಿಯೂರು, ಚಳ್ಳಕೆರೆ ಬಿಸಿಲಿಗೆ ರೇಡಿಯೇಟರ್‌ಗೆ ಸಿಗುವ ಗಾಳಿಯೇ ಸಾಲದು. ಒಳಗೆ ಕೆಸರು ನಿಲ್ಲದ ಹಾಗೆ ಕೆಳಗೆ ನೀರು ಹೋಗುವ ತೂತು ಬೇಕು. ಪಾರ್ಕಿಂಗ್ ಸೆನ್ಸರ್, ರೇಡಾರ್ ಇರುವ ಗಾಡಿಯಾದರೆ ಅದರ ಕಣ್ಣಿಗೆ ಕಬ್ಬಿಣ ಅಡ್ಡ ಬರಬಾರದು. ಎಲ್ಲೇ ಆಗಲಿ, ಗಾಡಿ ಮೇಲೆ ವೆಲ್ಡಿಂಗ್ ಮಾಡುವುದೇ ಆದರೆ ಮೊದಲು ಬ್ಯಾಟರಿ ಬಿಚ್ಚಿಸಿ. ಬಿಚ್ಚದೆ ಕಂಪ್ಯೂಟರ್ ಸುಟ್ಟುಕೊಂಡು ಬಂದವರು ನನ್ನ ಗ್ಯಾರೇಜಿಗೆ ವರ್ಷಕ್ಕೊಬ್ಬರಾದರೂ ಇದ್ದೇ ಇರುತ್ತಾರೆ.

ನಿಮ್ಮ ಗಾಡಿ ಸ್ಪರ್ಧೆಯದಲ್ಲ. ತೋಟ, ಹೆದ್ದಾರಿ, ಹೆಂಡತಿ ಮಕ್ಕಳು, ಲಡಾಖ್. ಹೊಳಲ್ಕೆರೆಯಿಂದ ಲೇಹ್‌ವರೆಗಿನ ದಾರಿಯಲ್ಲಿ ಬಹುಪಾಲು ಡಾಂಬರೇ. ಡಾಂಬರ್ ಇಲ್ಲದ ಕಡೆ ಕಲ್ಲು, ಹಿಮ ಕರಗಿ ರಸ್ತೆ ಮೇಲೆ ಹರಿಯುವ ನೀರು. ಇದರಲ್ಲಿ ಕಬ್ಬಿಣದ ಬಂಪರ್ ಮಾಡುವ ಕೆಲಸ ಏನೂ ಇಲ್ಲ. ಆದ್ದರಿಂದ ನನ್ನ ಉತ್ತರ: ಮೂರೂ ಬೇಡ. ಕಂಪನಿ ಬಂಪರ್ ಇರಲಿ. ಆ 22 ಸಾವಿರವನ್ನು ಬೇರೆ ಕಡೆ ಹಾಕಿ.

ಮೊದಲನೆಯದು ಎಳೆಯುವ ಕೊಂಡಿ. ಗಾಡಿಯ ಪುಸ್ತಕದಲ್ಲಿ ಟೋ ಪಾಯಿಂಟ್ ಎಲ್ಲಿದೆ ಅಂತ ಚಿತ್ರ ಇರುತ್ತದೆ. ಗಾಡಿ ಕೆಳಗೆ ಮಲಗಿ ಅದನ್ನು ಕಣ್ಣಾರೆ ನೋಡಿ. ಹಿಂದೆ, ಮುಂದೆ ಎರಡೂ. ನಿಧಾನಕ್ಕೆ ಎಳೆದುಕೊಂಡು ಹೋಗಲು ಕೊಟ್ಟ ಕೊಂಡಿ ಬೇರೆ, ಜಗ್ಗು ತಡೆಯುವ ಕೊಂಡಿ ಬೇರೆ. ಪುಸ್ತಕದಲ್ಲಿ ಅನುಮಾನ ಉಳಿದರೆ ಸರ್ವೀಸ್ ಸೆಂಟರಿನಲ್ಲಿ ಕೇಳಿ. ಆಮೇಲೆ 4.75 ಟನ್ ಅಂತ ಮೈಮೇಲೆ ಕೆತ್ತಿರುವ ಶ್ಯಾಕಲ್ (ಹಗ್ಗವನ್ನು ಕೊಂಡಿಗೆ ಸೇರಿಸುವ ಉಕ್ಕಿನ ಬಳೆ) ಎರಡು. ಹಿಗ್ಗುವ ನೈಲಾನ್ ಹಗ್ಗ ಒಂದು. ಸರಪಣಿಯನ್ನು ತೋಟದಲ್ಲೇ ಬಿಟ್ಟುಬಿಡಿ. ಅದು ಹಿಗ್ಗುವುದಿಲ್ಲ, ಜಗ್ಗಿದ ಪೂರ್ತಿ ಏಟು ಕೊಂಡಿಗೇ ಬೀಳುತ್ತದೆ. ಎಳೆಯುವಾಗ ಹಗ್ಗದ ಮಧ್ಯೆ ಒದ್ದೆ ಗೋಣಿಚೀಲ ಹಾಕಿ. ಕಿತ್ತರೆ ಹಗ್ಗ ಹಾರುವ ರಭಸ ಕಡಿಮೆಯಾಗುತ್ತದೆ. ಜನರನ್ನು ಹಗ್ಗದ ಉದ್ದಕ್ಕಿಂತ ದೂರ ನಿಲ್ಲಿಸಿ. ಇದು ಎಷ್ಟು ಸಲ ಹೇಳಿದರೂ ಜನ ಹತ್ತಿರ ಬಂದೇ ನೋಡುತ್ತಾರೆ, ಏನು ಮಾಡುವುದು.

ಎರಡನೆಯದು, ಇಂಜಿನ್ ಕೆಳಗಿನ ತಟ್ಟೆ. ಕಲ್ಲು ಬಡಿಯುವುದು ಬಂಪರಿಗಲ್ಲ, ಹೊಟ್ಟೆಗೆ. ಈಗ ಇರುವುದು ಗಟ್ಟಿ ಇದೆಯಾ, ಬೋಲ್ಟು ಎಲ್ಲಾ ಇವೆಯಾ ನೋಡಿಸಿ. ಮೂರನೆಯದು ಗಾಳಿ ತುಂಬುವ ಪುಟ್ಟ ಪಂಪು ಮತ್ತು ಗೇಜ್. ಕೆಸರು, ಮರಳಿನಲ್ಲಿ ಟೈರ್ ಗಾಳಿಯನ್ನು 18–20 ಪಿಎಸ್‌ಐಗೆ ಇಳಿಸಿದರೆ ಅರ್ಧ ಸಲ ಹಗ್ಗವೇ ಬೇಕಾಗುವುದಿಲ್ಲ. ಡಾಂಬರಿಗೆ ಬಂದ ತಕ್ಷಣ ಮತ್ತೆ ತುಂಬಿಕೊಳ್ಳಬೇಕು. ಒಂದು ಗುದ್ದಲಿ, ಚಕ್ರದ ಕೆಳಗೆ ಕೊಡುವ ಹಲಗೆ ಎರಡು. ಇಷ್ಟಕ್ಕೂ ದುಡ್ಡು ಮಿಕ್ಕರೆ ಬೆಣ್ಣೆದೋಸೆ ತಿನ್ನಿ.

ವಿಂಚ್ ಆಸೆ ಬಿಡಲಾಗುತ್ತಿಲ್ಲ ಅಂತ ನಿಮ್ಮ ಕಾಗದದಲ್ಲಿ ಗೊತ್ತಾಗುತ್ತದೆ. ಮುಂದೊಂದು ದಿನ ತಗೊಂಡರೆ ಇಷ್ಟು ನೆನಪಿಡಿ. ಸಾಮಾನು, ಜನ ಎಲ್ಲಾ ಸೇರಿದ ತೂಕದ ಒಂದೂವರೆ ಪಟ್ಟು ಎಳೆಯುವ ಶಕ್ತಿ ಬೇಕು. 2.3 ಟನ್ ಆದರೆ 3.45. ಅದಕ್ಕೇ 9,500 ಪೌಂಡಿನದು, ಅಂದರೆ 4,300 ಕೆಜಿಯದು ಎಲ್ಲರೂ ಹಾಕುತ್ತಾರೆ. ಆ ಶಕ್ತಿಯೂ ಡ್ರಮ್ಮಿನ ಮೇಲೆ ಹಗ್ಗ ಒಂದೇ ಪದರ ಇದ್ದಾಗಿನದು. ಪದರ ಹೆಚ್ಚಿದ ಹಾಗೆ ಎಳೆತ ಇಳಿಯುತ್ತದೆ. ಪೂರ್ತಿ ಭಾರಕ್ಕೆ 400 ಆಂಪಿಯರ್‌ವರೆಗೂ ಕರೆಂಟ್ ಕುಡಿಯುತ್ತದೆ, ಇಂಜಿನ್ ಚಾಲೂ ಇರಲೇಬೇಕು. ಉಕ್ಕಿನ ತಂತಿ ಬದಲು ಸಿಂಥೆಟಿಕ್ ಹಗ್ಗ ತಗೊಳ್ಳಿ, ಹಗುರ, ಕಿತ್ತರೂ ಅಪಾಯ ಕಡಿಮೆ. ಆದರೆ ನಮ್ಮ ಕಡೆ ಪ್ರತಿ ಊರಲ್ಲೂ ನಾಲ್ಕು ಟ್ರ್ಯಾಕ್ಟರ್ ಇವೆ ಅನ್ನುವುದನ್ನು ಮರೆಯಬೇಡಿ. ಇಪ್ಪತ್ತು ವರ್ಷದಲ್ಲಿ ನನ್ನ ಗಿರಾಕಿಗಳ ಗಾಡಿಯನ್ನು ವಿಂಚ್ ಎತ್ತಿದ್ದಕ್ಕಿಂತ ಟ್ರ್ಯಾಕ್ಟರ್ ಎತ್ತಿದ್ದೇ ಜಾಸ್ತಿ.

ಲಡಾಖ್‌ಗೆ ಹೊರಡುವ ಒಂದು ತಿಂಗಳ ಮುಂಚೆ ಗಾಡಿಯನ್ನು ನಿಮಗೆ ನಂಬಿಕೆ ಇರುವ ಗ್ಯಾರೇಜಿನಲ್ಲಿ ಲಿಫ್ಟ್ ಮೇಲೆ ಎತ್ತಿಸಿ, ಮುಂದಿನ ಬುಶ್, ಬಾಲ್ ಜಾಯಿಂಟ್, ಕೊಂಡಿ ಕೂರುವ ಜಾಗ ನೋಡಿಸಿ. ಗ್ಯಾರೇಜಿಗೆ ಹೋಗುವಾಗ ಕೆಳಗೆ ಚೆನ್ನಾಗಿ ತೊಳೆಸಿಕೊಂಡು ಹೋಗಿ. ತೋಟದ ಮಣ್ಣು ಮೆತ್ತಿದ್ದರೆ ಚಾಸಿಯಲ್ಲಿ ಬಿರುಕಿದ್ದರೂ ಕಾಣುವುದಿಲ್ಲ.